ಮಳೆಗಾಲದಲ್ಲಿ ಹೋದ ಹೊಯಿಗೆ ಎಲ್ಲಿರುತ್ತದೆ?

ಜುಲೈಯಲ್ಲಿ ಕಾಸರಗೋಡಿನ ಯಾವ ಪತ್ರಿಕೆ ತೆರೆದರೂ ಒಂದು ಚಿತ್ರ ತಪ್ಪುವುದಿಲ್ಲ. ಬೇರು ಬಯಲಾಗಿ ಕಡಲಿನತ್ತ ವಾಲಿದ ತೆಂಗಿನ ಮರ, ಅದರ ಹಿಂದೆ ಅರ್ಧ ಕುಸಿದ ಆವರಣ ಗೋಡೆ, ಪಕ್ಕದಲ್ಲಿ ಕೊಡೆ ಹಿಡಿದು ನಿಂತ ಜನಪ್ರತಿನಿಧಿ. ಊರಿನ ಹೆಸರು ಮಾತ್ರ ಬದಲಾಗುತ್ತದೆ. ಒಂದು ವರ್ಷ ಉಪ್ಪಳದ ಮುಸೋಡಿ, ಇನ್ನೊಂದು ವರ್ಷ ಕುಂಬಳೆಯ ಕೋಯಿಪಾಡಿ, ಮತ್ತೊಂದು ವರ್ಷ ಉದುಮದ ತೃಕ್ಕನ್ನಾಡು. ಡಿಸೆಂಬರಿನಲ್ಲಿ ಅದೇ ಪತ್ರಿಕೆಯಲ್ಲಿ ಕಡಲ ಕಿನಾರೆಯ ಬೇರೆಯೇ ಚಿತ್ರ ಬರುತ್ತದೆ: ಬೇಕಲದ ಪಳ್ಳಿಕೆರೆಯಲ್ಲಿ ಸಂಜೆ ಬಿಸಿಲು, ಕಾಲಿಡಲು ಜಾಗವಿಲ್ಲದಷ್ಟು ಜನ, ಅವರೆಲ್ಲರ ಕಾಲಡಿ ಎಕರೆಗಟ್ಟಲೆ ಬಿಳಿ ಹೊಯಿಗೆ, ಅಂದರೆ ಮರಳು.

ಐದು ತಿಂಗಳ ಹಿಂದೆ ಕಾಣದ ಈ ಹೊಯಿಗೆ ಎಲ್ಲಿಂದ ಬಂತು? ಯಾರೂ ಲಾರಿಯಲ್ಲಿ ತಂದು ಸುರಿದದ್ದಲ್ಲ. ಇದರ ಉತ್ತರ ಗೊತ್ತಾದರೆ ಕಡಲ ಬದಿಯಲ್ಲಿ ಮನೆ ಮಾಡಿದವರ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಉಳಿದ ಅರ್ಧ ಗಾಬರಿ ಸರಿಯಾದ ಕಡೆಗೆ ತಿರುಗುತ್ತದೆ.

ನಮ್ಮ ಕರಾವಳಿಯ ಆಕಾರವನ್ನು ಮೊದಲು ನೋಡೋಣ. ತಲಪಾಡಿಯಿಂದ ತೆಂಕಣಕ್ಕೆ ಇಳಿದರೆ ಬಲಗಡೆ ಕಡಲು, ಎಡಗಡೆ ಮುರಕಲ್ಲಿನ ಗುಡ್ಡ; ನಡುವಿನ ಸಪಾಟು ನೆಲ ಬಹಳ ಕಡೆ ಒಂದೆರಡು ಕಿಲೋಮೀಟರ್ ಕೂಡ ಇಲ್ಲ. ಆ ಪಟ್ಟಿಯಲ್ಲೇ ರಾಷ್ಟ್ರೀಯ ಹೆದ್ದಾರಿ 66, ಅದರಲ್ಲೇ ರೈಲು ಹಳಿ, ಅದರಲ್ಲೇ ಪೇಟೆ. ಮಂಜೇಶ್ವರ, ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಎಂದು ಹೊಳೆಗಳು ಒಂದರ ಹಿಂದೆ ಒಂದು ಈ ಪಟ್ಟಿಯನ್ನು ಕತ್ತರಿಸಿ ಕಡಲು ಸೇರುತ್ತವೆ. ಕಾಸರಗೋಡು ಪೇಟೆಗೆ ಅಂಟಿಕೊಂಡ ನೆಲ್ಲಿಕುಂಜೆ, ಕಸಬಾ ಕಡಪ್ಪುರಗಳಲ್ಲಿ ಹಳಿಯ ಪಡುಬದಿಗೆ ಉಳಿಯುವುದು ಕೆಲವು ಬೀದಿಗಳು, ತೆಂಗಿನ ತೋಟ, ಆಮೇಲೆ ಕಡಲು. ಹಿಂದೆ ಮೀನುಗಾರರ ಮನೆಗಳಷ್ಟೇ ಇದ್ದ ಜಾಗದಲ್ಲಿ ಈಗ ಗಲ್ಫ್ ದುಡಿಮೆಯ ಎರಡಂತಸ್ತಿನ ಮನೆಗಳೂ ಇವೆ. ಸಂಜೆ ಐದೂವರೆಗೆ ಅಂಗಡಿ, ಕಚೇರಿ ಬಿಟ್ಟವರು ಹತ್ತು ನಿಮಿಷದಲ್ಲಿ ನೀರಿನ ಬದಿಗೆ ಬಂದು ನಿಲ್ಲಬಲ್ಲರು. ಇಂಥ ಸುಖ ಬೆಂಗಳೂರಿನವರಿಗೆ ರಜೆ ಹಾಕಿದರಷ್ಟೇ ಸಿಗುತ್ತದೆ.

ಹೊಯಿಗೆ ಕಡಲಲ್ಲೇ ಹುಟ್ಟುತ್ತದೆ ಎಂದು ಹಲವರು ತಿಳಿದಿದ್ದಾರೆ. ಮುರಿದ ಚಿಪ್ಪುಗಳ ಪುಡಿ ಒಂದಿಷ್ಟು ಸೇರಿದರೂ ನಮ್ಮ ಕಿನಾರೆಯ ಹೆಚ್ಚಿನ ಹೊಯಿಗೆ ಘಟ್ಟದಿಂದ ಇಳಿದು ಬಂದದ್ದು. ಪಯಸ್ವಿನಿ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ಹರಿದು, ಗಡಿ ದಾಟಿ, ಚಂದ್ರಗಿರಿ ಎನಿಸಿಕೊಂಡು ತಳಂಗೆರೆ ಬದಿಯಲ್ಲಿ ಅಳಿವೆ ಸೇರುತ್ತದೆ. ಬೆಟ್ಟದ ಕಲ್ಲು ಶತಮಾನಗಳ ಮಳೆಗೆ ಒಡೆದು, ಮೆದುವಾದ ಭಾಗಗಳು ಕೆಸರಾಗಿ ತೇಲಿಹೋಗಿ, ಗಟ್ಟಿಯಾದ ಬೆಣಚುಕಲ್ಲಿನ ಕಣಗಳಷ್ಟೇ ಉರುಳಿ ಉರುಳಿ ಕಡಲಿಗೆ ಬರುತ್ತವೆ. ನೆಲ್ಲಿಕುಂಜೆಯಲ್ಲಿ ಮಗು ಕಟ್ಟುವ ಮರಳಿನ ಮನೆಯಲ್ಲಿ ಕೊಡಗಿನ ಬೆಟ್ಟದ ಪಾಲಿದೆ.

ಹೊಳೆಯ ತಳದಿಂದ ಹೊಯಿಗೆ ಎತ್ತಿದಾಗ ಕಡಲಿಗೆ ಬರಬೇಕಾದ ಪಾಲು ದಾರಿಯಲ್ಲೇ ನಿಲ್ಲುತ್ತದೆ. ಕೇರಳದಲ್ಲಿ ಹೊಳೆಯ ದಂಡೆ ಕಾಯಲು, ಮರಳು ತೆಗೆಯುವುದಕ್ಕೆ ಮಿತಿ ಹಾಕಲು 2001ರಲ್ಲೇ ಕಾಯಿದೆ ಬಂದಿದೆ. ಕಾಯಿದೆ ಹಗಲಿಗೆ, ಟಿಪ್ಪರ್ ಲಾರಿ ರಾತ್ರಿಗೆ ಎಂಬ ಹಂಚಿಕೆ ಮಾತ್ರ ಇನ್ನೂ ನಡೆದಿದೆ. ಹೊಳೆಯ ತಳ ಆಳವಾದರೆ ಇನ್ನೊಂದು ಪರಿಣಾಮವೂ ಉಂಟು: ಬೇಸಗೆಯ ಉಬ್ಬರದ ಉಪ್ಪುನೀರು ಹೊಳೆಯಲ್ಲಿ ಹೆಚ್ಚು ದೂರ ಮೇಲೇರುತ್ತದೆ. ಕಾಸರಗೋಡು ಪೇಟೆಯವರು ಏಪ್ರಿಲ್–ಮೇಯಲ್ಲಿ ನಲ್ಲಿ ತಿರುಗಿಸಿ ಉಪ್ಪುನೀರು ಕುಡಿದ ವರ್ಷಗಳನ್ನು ಮರೆತಿಲ್ಲ. ಬಾವಿಕೆರೆಯಲ್ಲಿ ಚಂದ್ರಗಿರಿಗೆ ಅಡ್ಡವಾಗಿ ಉಪ್ಪುನೀರು ತಡೆಯುವ ಅಣೆಕಟ್ಟು ಕಟ್ಟಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಕಡಲಿನ ಅಲೆಗಳ ಸ್ವಭಾವ ಬದಲಾಗುತ್ತದೆ. ಎತ್ತರ ಹೆಚ್ಚುತ್ತದೆ, ಒಂದರ ಬೆನ್ನಿಗೇ ಇನ್ನೊಂದು ಬರುತ್ತದೆ. ದಂಡೆ ಹತ್ತಿದ ನೀರು ಹೊಯಿಗೆಯೊಳಗೆ ಇಂಗುವ ಮೊದಲೇ ಮುಂದಿನ ಅಲೆ ಅದರ ಮೇಲೆ ಬೀಳುತ್ತದೆ. ಮೊದಲೇ ಮಳೆನೀರು ಕುಡಿದು ತುಂಬಿದ ದಂಡೆ ಅದು. ಇನ್ನು ಇಂಗಲು ಅಲ್ಲಿ ಜಾಗವೂ ಇಲ್ಲ. ಆದ್ದರಿಂದ ಮೇಲೆ ಬಂದ ನೀರೆಲ್ಲ ರಭಸದಿಂದ ವಾಪಸು ಓಡುತ್ತದೆ, ಓಡುವಾಗ ಹೊಯಿಗೆಯನ್ನು ಎಳೆದೊಯ್ಯುತ್ತದೆ. ಎಲ್ಲಿಗೆ? ಬಹಳ ದೂರಕ್ಕಲ್ಲ. ಅಲೆಗಳು ಒಡೆಯುವ ಜಾಗದ ಆಸುಪಾಸಿನಲ್ಲಿ ನೀರಿನಡಿ ದಂಡೆಗೆ ಸಮಾನಾಂತರವಾಗಿ ಒಂದು ದಿಬ್ಬವಾಗಿ ಅದು ಕೂಡಿಕೊಳ್ಳುತ್ತದೆ. ಆಟಿ ತಿಂಗಳ ಮಳೆಯಲ್ಲಿ ದಡದಿಂದ ನೋಡಿದರೆ ದೂರದಲ್ಲಿ ಬಿಳಿ ನೊರೆಯ ಗೆರೆಯೊಂದು ಎದ್ದು ಬಿದ್ದು ಮಾಡುತ್ತಿರುತ್ತದಲ್ಲ, ಆ ದಿಬ್ಬ ಇರುವುದು ಅಲ್ಲಿ. ದೊಡ್ಡ ಅಲೆಗಳು ಅದಕ್ಕೆ ಎಡವಿ ಅಲ್ಲೇ ಒಡೆದು, ದಡಕ್ಕೆ ಬರುವಾಗ ಅರ್ಧ ಶಕ್ತಿ ಕಳೆದುಕೊಂಡಿರುತ್ತವೆ. ತನ್ನ ಮೈಯ ಹೊಯಿಗೆಯನ್ನೇ ಮುಂದೆ ಚಾಚಿ ದಂಡೆ ತನ್ನನ್ನು ಕಾಯ್ದುಕೊಳ್ಳುವ ಬಗೆ ಇದು. ಪತ್ರಿಕೆಯ ಭಾಷೆಯಲ್ಲಿ ಇದಕ್ಕೆ ‘ಕಡಲಬ್ಬರಕ್ಕೆ ತತ್ತರಿಸಿದ ತೀರ’ ಎಂದು ಹೆಸರು.

ಸೆಪ್ಟೆಂಬರ್ ಕೊನೆಗೆ ಗಾಳಿ ತಗ್ಗುತ್ತದೆ. ಅಲೆಗಳು ತಗ್ಗು, ಉದ್ದ, ನಿಧಾನ. ದಡ ಹತ್ತಿದ ನೀರಿಗೆ ಇಂಗಲು ಸಮಯ ಸಿಗುತ್ತದೆ. ಇಂಗುವಾಗ ತಾನು ತಂದ ಹೊಯಿಗೆಯನ್ನು ಅಲ್ಲೇ ಬಿಟ್ಟುಹೋಗುತ್ತದೆ. ನೀರಿನಡಿಯ ದಿಬ್ಬ ಹೀಗೆ ಚಿಟಿಕೆ ಚಿಟಿಕೆಯಾಗಿ ದಂಡೆಗೆ ಮರಳುತ್ತದೆ. ಹೋಗುವುದಕ್ಕೆ ಎರಡು ದಿನದ ತೂಫಾನು ಸಾಕು, ಬರುವುದಕ್ಕೆ ತಿಂಗಳುಗಳು ಬೇಕು.

ಅಕ್ಟೋಬರಿನಲ್ಲಿ ಕಿನಾರೆಗೆ ಹೋದವರು ಇದನ್ನು ಕಣ್ಣಾರೆ ಕಾಣಬಹುದು. ದಂಡೆಯ ಮೇಲ್ಭಾಗದಲ್ಲಿ ಮಳೆಗಾಲ ಕತ್ತರಿಸಿದ ಮೆಟ್ಟಿಲಿನಂಥ ಅಂಚು ಇನ್ನೂ ಉಳಿದಿರುತ್ತದೆ. ಕೆಲವು ಕಡೆ ಆಳೆತ್ತರ, ಕೆಲವು ಕಡೆ ಮೊಣಕಾಲಿನಷ್ಟು. ಆ ಅಂಚಿನ ಬದಿಯನ್ನು ಕೈಯಿಂದ ಮೆಲ್ಲನೆ ಸವರಿದರೆ ಒಳಗೆ ಪದರಗಳು ಕಾಣುತ್ತವೆ: ಬೆರಳಗಲದ ಬಿಳಿ ಪದರ, ಅದರ ಮೇಲೆ ಕಾಡಿಗೆ ಗೀರಿದಂತೆ ತೆಳುವಾದ ಕಪ್ಪು, ಮತ್ತೆ ಬಿಳಿ. ಆ ಕಪ್ಪನ್ನು ಕೊಳಕು ಎಂದುಕೊಳ್ಳಬೇಕಾಗಿಲ್ಲ. ಇಲ್ಮೆನೈಟ್‌ನಂಥ ಭಾರದ ಖನಿಜದ ಕಣಗಳು ಅವು. ಬಿರುಸಿನ ಅಲೆ ಹಗುರವಾದ ಬಿಳಿ ಹೊಯಿಗೆಯನ್ನು ಹೊತ್ತೊಯ್ದು ಭಾರದ್ದನ್ನು ಬಿಟ್ಟುಹೋಗುತ್ತದೆ. ಎಷ್ಟು ಕಪ್ಪು ಗೆರೆಗಳಿವೆಯೋ ಅಷ್ಟು ಸಲ ಕಡಲು ಅಲ್ಲಿ ಬಿರುಸಾಗಿತ್ತು ಎಂದು ಸುಮಾರಾಗಿ ಓದಬಹುದು.

ಇದಿಷ್ಟೂ ಅಡ್ಡ ಚಲನೆ: ದಂಡೆಯಿಂದ ಕಡಲಿಗೆ, ಕಡಲಿನಿಂದ ದಂಡೆಗೆ. ಇದರಲ್ಲಿ ವರ್ಷದ ಲೆಕ್ಕ ಸಾಮಾನ್ಯವಾಗಿ ಸರಿಹೋಗುತ್ತದೆ. ಲೆಕ್ಕ ತಪ್ಪುವುದು ಉದ್ದ ಚಲನೆಯಲ್ಲಿ.

ಅಲೆಗಳು ದಡಕ್ಕೆ ನೇರವಾಗಿ ಬರುವುದು ಅಪರೂಪ. ಸ್ವಲ್ಪ ಓರೆಯಾಗಿಯೇ ಬರುತ್ತವೆ. ಓರೆಯಾಗಿ ಹತ್ತಿದ ನೀರು ಇಳಿಜಾರಿನಲ್ಲಿ ನೇರವಾಗಿ ಇಳಿಯುತ್ತದೆ. ಅಂದರೆ ಹೊಯಿಗೆಯ ಪ್ರತಿ ಕಣವೂ ಪ್ರತಿ ಅಲೆಗೆ ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ದಿನಕ್ಕೆ ಸಾವಿರಾರು ಅಲೆ, ವರ್ಷಕ್ಕೆ ಎಷ್ಟೋ ಲಕ್ಷ. ಹೀಗೆ ದಂಡೆಯುದ್ದಕ್ಕೂ ಮರಳಿನ ಹೊಳೆಯೊಂದು ಹರಿಯುತ್ತಲೇ ಇರುತ್ತದೆ. ಗಾಳಿ ಮತ್ತು ಅಲೆಯ ಕೋನ ಬದಲಾದಂತೆ ಇದರ ದಿಕ್ಕೂ ಋತುವಿಗೊಮ್ಮೆ ಬದಲಾಗುತ್ತದೆ. ಈ ಹರಿವಿಗೆ ಅಡ್ಡವಾಗಿ ಕಡಲೊಳಗೆ ಉದ್ದಕ್ಕೆ ಕಲ್ಲಿನ ತಡೆಗೋಡೆ ಚಾಚಿದರೆ, ಹೊಯಿಗೆ ಬರುವ ಬದಿಯಲ್ಲಿ ಕೂಡಿಕೊಂಡು ಕಿನಾರೆ ಅಗಲವಾಗುತ್ತದೆ, ಇನ್ನೊಂದು ಬದಿಗೆ ಬರಬೇಕಾದ ಪಾಲು ನಿಂತುಹೋಗುತ್ತದೆ. ಅಲ್ಲಿಂದ ಕಡಲು ಒಯ್ಯುವುದು ಮಾತ್ರ ನಿಲ್ಲುವುದಿಲ್ಲ.

ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಾಗಿಲ್ಲ. ನೇತ್ರಾವತಿ–ಗುರುಪುರ ಹೊಳೆಗಳು ಸೇರುವ ಮಂಗಳೂರಿನ ಅಳಿವೆಯಲ್ಲಿ ದೋಣಿಗಳಿಗೆ ಸುರಕ್ಷಿತ ದಾರಿ ಬೇಕೆಂದು ಎರಡು ಬದಿಗೂ ತಡೆಗೋಡೆ ಕಟ್ಟಲಾಯಿತು. ಬಡಗು ಬದಿಯ ಬೆಂಗ್ರೆಯಲ್ಲಿ ಹೊಯಿಗೆ ಕೂಡಿತು. ತೆಂಕು ಬದಿಯ ಉಳ್ಳಾಲದಲ್ಲಿ ದಶಕಗಳ ಕಾಲ ಮನೆಗಳು ಕಡಲ ಪಾಲಾದವು. ಕೊನೆಗೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಕಡಲೊಳಗೆ ಕೃತಕ ದಿಬ್ಬ ನಿರ್ಮಿಸಬೇಕಾಯಿತು. ಮಳೆಗಾಲದ ಕಡಲು ಬಿಟ್ಟಿಯಾಗಿ ಮಾಡುವ ಕೆಲಸವನ್ನೇ ನಾವು ಕೋಟಿಗಟ್ಟಲೆ ಸಾಲ ಮಾಡಿ ಮಾಡಿದೆವು ಎನ್ನಬಹುದು. ಗಡಿಯ ಈಚೆಗೂ ಕಸಬಾದಲ್ಲಿ, ಮಂಜೇಶ್ವರದಲ್ಲಿ ಮೀನುಗಾರಿಕಾ ಬಂದರುಗಳಿವೆ, ಅವುಗಳಿಗೂ ತಡೆಗೋಡೆಗಳಿವೆ. ಬಂದರು ಬೇಡ ಎನ್ನುವುದು ನನ್ನ ವಾದವಲ್ಲ. ಅಳಿವೆಯ ಬಾಯಲ್ಲಿ ದೋಣಿ ಮಗುಚಿ ಜೀವ ಹೋದ ಮನೆಗಳ ಮುಂದೆ ನಿಂತು ಹಾಗೆ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಒಂದು ಬದಿಯಲ್ಲಿ ಕೂಡಿದ ಹೊಯಿಗೆಯನ್ನು ಯಂತ್ರದಿಂದ ಎತ್ತಿ ಇನ್ನೊಂದು ಬದಿಗೆ ದಾಟಿಸುವ ವ್ಯವಸ್ಥೆ ಪ್ರಪಂಚದ ಎಷ್ಟೋ ಬಂದರುಗಳಲ್ಲಿದೆ. ಅದರ ವಾರ್ಷಿಕ ಖರ್ಚನ್ನು ಬಂದರಿನ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು ಎಂದು ಕೇಳುವವರು ನಮ್ಮಲ್ಲಿ ಯಾರೂ ಇಲ್ಲ.

ಕೇಳುವುದು ಏನನ್ನು? ದಡಕ್ಕೊಂದು ಕಲ್ಲುಗೋಡೆಯನ್ನು. ಕೊರೆತ ಶುರುವಾದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಪರಿಹಾರ ಅದು: ಕಗ್ಗಲ್ಲು ತಂದು ದಡದುದ್ದಕ್ಕೂ ಒಟ್ಟುವುದು. ಗೋಡೆ ತನ್ನ ಹಿಂದಿನ ಮನೆಯನ್ನು ಕಾಯುತ್ತದೆ ಎಂಬುದು ನಿಜ. ಆದರೆ ಗೋಡೆಯ ಮುಂದಿನ ಕಿನಾರೆಯನ್ನು ಕಾಯುವುದಿಲ್ಲ. ಇಳಿಜಾರು ಹೊಯಿಗೆಯ ಮೇಲೆ ಹತ್ತಿ ಸುಸ್ತಾಗಬೇಕಿದ್ದ ಅಲೆ ಕಲ್ಲಿಗೆ ಬಡಿದು ಹಿಂದಕ್ಕೆ ಚಿಮ್ಮುತ್ತದೆ, ಗೋಡೆಯ ಬುಡದ ಹೊಯಿಗೆಯನ್ನು ಕೆದಕುತ್ತದೆ. ಬುಡ ಸಡಿಲಾದ ಕಲ್ಲುಗಳು ಒಂದೊಂದಾಗಿ ಕೆಳಗೆ ಜಾರುತ್ತವೆ. ನಾಲ್ಕಾರು ಮಳೆಗಾಲ ಕಳೆಯುವಾಗ ಮತ್ತೆ ಕಲ್ಲು, ಮತ್ತೆ ಟೆಂಡರು. ಗೋಡೆ ಮುಗಿಯುವ ತುದಿಯಲ್ಲಿ ಅಲೆಯ ಹೊಡೆತ ತಿರುಗಿ ಪಕ್ಕದವನ ತೋಟಕ್ಕೆ ಬೀಳುತ್ತದೆ; ಮರುವರ್ಷ ಅವನೂ ಗೋಡೆ ಕೇಳುತ್ತಾನೆ, ಕೇಳಲೇಬೇಕು. ಕೊನೆಗೆ ಊರಿಗೆ ಉಳಿಯುವುದು ಗೋಡೆಯೇ, ಕಿನಾರೆಯಲ್ಲ. ದೋಣಿ ಎಳೆದಿಡಲು ಜಾಗವಿಲ್ಲ, ದಡದಿಂದ ಕೈಯಲ್ಲೇ ಎಳೆಯುವ ಕೈರಂಪಣಿ ಬಲೆಗೆ ಜಾಗವಿಲ್ಲ, ಮಕ್ಕಳ ಕಾಲ್ಚೆಂಡಿಗೂ ಜಾಗವಿಲ್ಲ.

ಕರಾವಳಿ ಸಂಶೋಧನೆಯ ರಾಷ್ಟ್ರೀಯ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ, ದೇಶದ ಕರಾವಳಿಯ ಶೇ. 33ಕ್ಕಿಂತ ಹೆಚ್ಚು ಭಾಗ ಕೊರೆಯುತ್ತಿದೆ ಎಂದು ಲೆಕ್ಕ ಹಾಕಿದೆ. ಕೇರಳದ ಪಾಲು ಅದಕ್ಕಿಂತ ಬಹಳ ಹೆಚ್ಚು, ಶೇ. 46ರ ಸುಮಾರಿಗೆ. ದೇಶದಲ್ಲೇ ಅತಿ ಹೆಚ್ಚು ಕಲ್ಲುಗೋಡೆ ಕಟ್ಟಿದ ರಾಜ್ಯಗಳಲ್ಲಿ ಕೇರಳವೂ ಒಂದು. ಗೋಡೆಯಿಂದ ಕೊರೆತ ಬಂತೋ ಕೊರೆತದಿಂದ ಗೋಡೆ ಬಂತೋ ಎಂಬುದು ಬಿಡಿಸಲಾಗದ ಜಗಳ. ಗೋಡೆಯಿಂದ ಕೊರೆತ ನಿಂತಿಲ್ಲ ಎಂಬುದರಲ್ಲಿ ಮಾತ್ರ ಜಗಳವಿಲ್ಲ. ಜೊತೆಗೆ ಕಡಲೂ ಏರುತ್ತಿದೆ. ಉತ್ತರ ಹಿಂದೂ ಮಹಾಸಾಗರದ ಮಟ್ಟ 1993ರಿಂದ 2015ರ ನಡುವೆ ವರ್ಷಕ್ಕೆ ಸರಾಸರಿ 3.3 ಮಿಲಿಮೀಟರ್ ಏರಿದೆ ಎಂದು ಕೇಂದ್ರದ ಭೂವಿಜ್ಞಾನ ಸಚಿವಾಲಯದ ವರದಿ ಹೇಳುತ್ತದೆ. ಅರಬ್ಬೀ ಸಮುದ್ರ ಬಿಸಿಯಾದಂತೆ ಚಂಡಮಾರುತಗಳೂ ಹೆಚ್ಚಿವೆ. 2021ರ ಮೇಯಲ್ಲಿ ತೌಕ್ತೆ ಹಾದುಹೋದಾಗ ಮಳೆಗಾಲಕ್ಕೆ ಮೊದಲೇ ನಮ್ಮ ದಂಡೆಗೆ ಮಳೆಗಾಲದ ಹೊಡೆತ ಬಿದ್ದಿತ್ತು.

ಹಾಗಾದರೆ ಅಂಚಿನಲ್ಲಿ ಮನೆ ಇರುವವರು ಏನು ಮಾಡಬೇಕು? ಕೇರಳ ಸರ್ಕಾರದ ‘ಪುನರ್ಗೇಹಂ’ ಯೋಜನೆಯಲ್ಲಿ ಉಬ್ಬರದ ಗೆರೆಯಿಂದ 50 ಮೀಟರ್ ಒಳಗೆ ಇರುವ ಮೀನುಗಾರ ಕುಟುಂಬಗಳು ಹಿಂದಕ್ಕೆ ಸರಿಯಲು ಜಾಗಕ್ಕೂ ಮನೆಗೂ ಸೇರಿಸಿ 10 ಲಕ್ಷ ರೂಪಾಯಿ ಕೊಡುತ್ತಾರೆ. ತತ್ತ್ವ ಸರಿ, ದಂಡೆಗೆ ಜಾಗ ಬಿಡುವುದೇ ಅತ್ಯಂತ ಗಟ್ಟಿಯಾದ ರಕ್ಷಣೆ. ಆದರೆ ಕಡಲ ಬದಿಯ ಸೆಂಟ್ಸ್ ಜಾಗದ ಬೆಲೆ ಗೊತ್ತಿದ್ದವರಿಗೆ ಆ ಹತ್ತು ಲಕ್ಷ ಎಷ್ಟು ದೂರ ಕೊಂಡೊಯ್ಯುತ್ತದೆ ಎಂದೂ ಗೊತ್ತು. ಬೆಳಿಗ್ಗೆ ಎದ್ದು ನೀರಿನ ಬಣ್ಣ ನೋಡಿ ದೋಣಿ ಇಳಿಸುವವನನ್ನು ನಾಲ್ಕು ಕಿಲೋಮೀಟರ್ ಒಳಗಿನ ಗುಡ್ಡಕ್ಕೆ ಕಳಿಸಿ, ಅವನು ಬಿಟ್ಟ ಜಾಗದ ಹತ್ತಿರವೇ ರೆಸಾರ್ಟಿಗೆ ಅನುಮತಿ ಕೊಟ್ಟರೆ ಆ ತತ್ತ್ವದ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ಸರಿಸಲಾಗದ ಮನೆಗಳ ಮುಂದೆ ಗೋಡೆ ಇರಲಿ, ಖಾಲಿ ದಂಡೆಯ ಮೇಲೆ ಬೇಡ ಎಂಬುದು ನನ್ನ ನಿಲುವು.

ಈಗ ದಂಡೆಯ ಮೇಲ್ಭಾಗ ನೋಡಿ. ಅಲೆ ಸಾಮಾನ್ಯವಾಗಿ ಮುಟ್ಟದ ಆ ಜಾಗದಲ್ಲಿ ನೇರಳೆ ಹೂವಿನ ಅಡಂಬು ಬಳ್ಳಿ ಹಬ್ಬಿರುತ್ತದೆ, ಮುಳ್ಳುಚೆಂಡಿನಂಥ ಬೀಜದ ರಾವಣನ ಮೀಸೆ ಹುಲ್ಲು ಬೆಳೆದಿರುತ್ತದೆ, ಅದರ ಹಿಂದೆ ಕೇದಗೆ, ಹೊನ್ನೆ. ಅಡಂಬು ಬಳ್ಳಿಯ ಒಂದು ಎಳೆಯನ್ನು ಹಿಡಿದು ನೋಡಿದರೆ ಗೇಣು ಗೇಣಿಗೆ ಗೆಣ್ಣು, ಪ್ರತಿ ಗೆಣ್ಣಿನಲ್ಲೂ ಬೇರು. ಹಾರಿ ಬಂದ ಹೊಯಿಗೆ ಎಲೆಗೆ ತಡೆದು ಅಲ್ಲೇ ಬೀಳುತ್ತದೆ, ಬಳ್ಳಿಯನ್ನು ಮುಚ್ಚುತ್ತದೆ, ಬಳ್ಳಿ ಮತ್ತೆ ಮೇಲೆ ತಲೆ ಎತ್ತುತ್ತದೆ. ಹೀಗೆ ವರ್ಷಗಳ ಮೇಲೆ ದಿಬ್ಬ ಏಳುತ್ತದೆ. ಮಳೆಗಾಲಕ್ಕೆಂದು ಕೊಟ್ಟಿಗೆಯಲ್ಲಿ ಒಟ್ಟಿಟ್ಟ ಕಟ್ಟಿಗೆಯಂತೆ ಈ ದಿಬ್ಬದ ಹೊಯಿಗೆ. ಕಡಲಿಗೆ ನೀರಿನಡಿಯ ದಿಬ್ಬ ಕಟ್ಟಲು ಹೆಚ್ಚು ಬೇಕಾದ ವರ್ಷ ಇಲ್ಲಿಂದ ತೆಗೆಯುತ್ತದೆ. ನಾವು ಮಾಡುವುದೇನು? ‘ಕಿನಾರೆ ಸೌಂದರ್ಯೀಕರಣ’ ಎಂದು ಜೆಸಿಬಿ ತಂದು ದಿಬ್ಬ ಸಪಾಟು ಮಾಡುತ್ತೇವೆ, ಬಳ್ಳಿಯನ್ನು ಕಳೆ ಎಂದು ಕಿತ್ತು ಹಾಕುತ್ತೇವೆ, ಇಂಟರ್‌ಲಾಕ್ ಹಾಸಿ ಬೆಂಚು ಹಾಕುತ್ತೇವೆ. ಎರಡು ಮಳೆಗಾಲದಲ್ಲಿ ಇಂಟರ್‌ಲಾಕ್ ಬೇರೆ ಬೇರೆಯಾಗಿ ಕಡಲಿಗೆ ಹೋಗುತ್ತದೆ. ಆಗ ಬೇಕಾಗುವುದೇ ಆ ಗೋಡೆ.

ಅಳಿವೆಯ ಒಳಗೆ ಇದೇ ಕೆಲಸವನ್ನು ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಮಾಡುತ್ತದೆ. ಶಿರಿಯ, ಕುಂಬಳೆ, ಮೊಗ್ರಾಲ್ ಹೊಳೆಗಳ ಬಾಯಲ್ಲಿ ಇನ್ನೂ ಉಳಿದಿರುವ ಕಾಂಡ್ಲಾಗಳ ಬೇರುಗಳ ನಡುವೆ ಮೀನು, ಸಿಗಡಿ ಮರಿಗಳು ಬೆಳೆಯುತ್ತವೆ; ಹೊಳೆಯ ದಂಡೆ ಜಾರದೆ ನಿಲ್ಲುತ್ತದೆ. ಪಕ್ಕದ ಕಣ್ಣೂರಿನಲ್ಲಿ ಕಲ್ಲೇನ್ ಪೊಕ್ಕುಡನ್ ಎಂಬ ಕೂಲಿ ಕಾರ್ಮಿಕ 1980ರ ದಶಕದ ಕೊನೆಯಿಂದ ಒಬ್ಬರೇ ಕಾಂಡ್ಲಾ ನೆಡತೊಡಗಿದಾಗ ಹುಚ್ಚನೆಂದವರೇ ಹೆಚ್ಚು. 2015ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕೇರಳದಲ್ಲಿ ಕಾಂಡ್ಲಾ ಎಂದರೆ ಪೊಕ್ಕುಡನ್ ಎಂಬಂತಾಗಿತ್ತು.

ಕಾನೂನಿನ ಮಾತು ಸ್ವಲ್ಪ. ಕರಾವಳಿ ನಿಯಂತ್ರಣ ವಲಯ, ಎಲ್ಲರೂ ಸಿಆರ್‌ಝಡ್ ಎನ್ನುವುದು, 1991ರಲ್ಲಿ ಬಂತು. 2011ರಲ್ಲಿ, 2019ರಲ್ಲಿ ಹೊಸ ಅಧಿಸೂಚನೆಗಳಾದವು. ಉಬ್ಬರದ ಗೆರೆಯಿಂದ ನೆಲದ ಬದಿಗೆ 500 ಮೀಟರ್ ಈ ನಿಯಮದೊಳಗೆ ಬರುತ್ತದೆ. ಕಾಂಡ್ಲಾ, ಹೊಯಿಗೆ ದಿಬ್ಬ, ಆಮೆ ಮೊಟ್ಟೆಯಿಡುವ ಜಾಗಗಳು ಮೊದಲ ವರ್ಗ. ಅಲ್ಲಿ ಹೆಚ್ಚುಕಡಿಮೆ ಏನನ್ನೂ ಕಟ್ಟುವಂತಿಲ್ಲ. ಪೇಟೆಯಾಗಿ ಬೆಳೆದ ಜಾಗ ಎರಡನೆಯದು; ಅಲ್ಲಿ ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡಗಳ ಸಾಲಿಗಿಂತ ಕಡಲ ಬದಿಗೆ ಹೊಸದು ಕಟ್ಟುವಂತಿಲ್ಲ. ಹಳ್ಳಿಗಳು ಮೂರನೆಯದು. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಹಳ್ಳಿಗಳಲ್ಲಿ ಕಟ್ಟಬಾರದ ಪಟ್ಟಿ 200 ಮೀಟರಿನಿಂದ 50 ಮೀಟರಿಗೆ ಇಳಿದದ್ದು 2019ರ ದೊಡ್ಡ ಬದಲಾವಣೆ. ಅದರಂತೆ ತಯಾರಿಸಿದ ಕೇರಳದ ನಕ್ಷೆಗಳಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ಕಡಲ ಬದಿಯ ಸಣ್ಣ ಮನೆಗಳಿಗೆ ಇದರಿಂದ ನಿಜವಾದ ಅನುಕೂಲವಾಯಿತು. ಆದರೆ ಕಡಲಿಗೆ ಜನಗಣತಿ ಓದಲು ಬರುವುದಿಲ್ಲ. 50 ಮೀಟರಿನಾಚೆ ಕಾನೂನುಬದ್ಧವಾಗಿ ಕಟ್ಟಿದ ಮನೆ ಕ್ಷೇಮವೆಂದು ಅಧಿಸೂಚನೆಯಲ್ಲಿ ಎಲ್ಲೂ ಬರೆದಿಲ್ಲ. ಜಾಗ ಕೊಳ್ಳುವವರು ದಸ್ತಾವೇಜಿನ ಜೊತೆಗೆ ಒಂದು ಜುಲೈಯಲ್ಲಿ ಆ ಜಾಗವನ್ನೂ ನೋಡಿ ಬರುವುದು ಒಳ್ಳೆಯದು.

ಕಡಲನ್ನು ಅನುಭವಿಸುವುದಕ್ಕೂ ಇದೇ ತಿಳಿವಳಿಕೆ ಬೇಕು. ಉಬ್ಬರ ಇಳಿತ ನಮ್ಮಲ್ಲಿ ದಿನಕ್ಕೆ ಎರಡು ಸಲ, ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಳಿತ ಹೆಚ್ಚು. ಅಳಿವೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕುವವರು, ಗಟ್ಟಿ ಹೊಯಿಗೆಯಲ್ಲಿ ಉದ್ದಕ್ಕೆ ನಡೆಯಬೇಕೆನ್ನುವವರು ಆ ದಿನಗಳನ್ನು ಕಾಯುತ್ತಾರೆ. ಕೈರಂಪಣಿ ಎಳೆಯುವಲ್ಲಿ ನಿಂತು ನೋಡಬಹುದು, ಕೈ ಹಾಕಿದರೆ ಬೇಡವೆನ್ನುವವರಿಲ್ಲ. ಹೊಳೆಯುವ ಬೂತಾಯಿ ಬಲೆಯಿಂದ ಬುಟ್ಟಿಗೆ ಬೀಳುವ ಹೊತ್ತಿನಲ್ಲಿ ಮೊಬೈಲ್ ಹಿಡಿದು ಅಡ್ಡ ನಿಲ್ಲದಿದ್ದರೆ ಸಾಕು. ಟ್ರಾಲಿಂಗ್ ನಿಷೇಧದ ಕಾಲದಲ್ಲಿ ಗಡಿಯ ಎರಡು ಬದಿಗೂ ಲೆಕ್ಕ ಬೇರೆ: ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ, ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ. ಮಂಜೇಶ್ವರದವರಿಗೆ ಆ ಒಂಬತ್ತು ದಿನದ ವ್ಯತ್ಯಾಸ ಪ್ರತಿ ವರ್ಷದ ಚರ್ಚೆ. ಬಂಗುಡೆ ಯಾವ ಪಂಚಾಯತಿನದ್ದು ಎಂದು ತೀರ್ಮಾನವಾಗುವವರೆಗೆ ಅದು ಮುಗಿಯುವಂತೆಯೂ ಇಲ್ಲ.

ನೀರಿಗಿಳಿಯುವವರು ಒಂದು ಮಾತು ನೆನಪಿಡಬೇಕು. ಅಲೆಗಳು ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ನೊರೆಯಿಲ್ಲದೆ, ಬಣ್ಣ ಸ್ವಲ್ಪ ಗಾಢವಾಗಿ, ಶಾಂತವಾಗಿ ಕಾಣುತ್ತದೆ. ಹೊಸಬರು ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದ ನೀರೆಲ್ಲ ದಿಬ್ಬದ ಸಂದಿಯಿಂದ ಕಡಲಿಗೆ ಮರಳುವ ದಾರಿ ಅದು. ಸೆಳೆತ ಇರುವುದು ಅಲ್ಲಿ. ಅದರಲ್ಲಿ ಸಿಕ್ಕಿದರೆ ದಡದ ಕಡೆಗೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ಅಲೆಗಳ ಜೊತೆ ದಡಕ್ಕೆ ಬರಬೇಕು. ಈಜು ಬಾರದವರು ತೇಲುತ್ತಾ ಕೈ ಎತ್ತಿ ಕೂಗಬೇಕು.

ಇನ್ನೊಂದು ಅಪಾಯಕ್ಕೆ ಗಾಳಿಯೂ ಇಲ್ಲ, ಮೋಡವೂ ಇಲ್ಲ. ಏಪ್ರಿಲ್–ಮೇಯ ಬಿಸಿಲಲ್ಲಿ ಕಡಲು ಏಕಾಏಕಿ ಉಕ್ಕಿ ರಸ್ತೆಗೆ ಬರುತ್ತದೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಯುನೆಸ್ಕೋ 2012ರಲ್ಲಿ ಆ ಹೆಸರನ್ನೇ ಒಪ್ಪಿಕೊಂಡಿದೆ. ಇದು ಹುಟ್ಟುವುದು ನಮ್ಮ ಕಡಲಿನಲ್ಲಲ್ಲ, ಹಿಂದೂ ಮಹಾಸಾಗರದ ತೀರಾ ದಕ್ಷಿಣದ ಬಿರುಗಾಳಿಗಳಲ್ಲಿ. ಅಲ್ಲಿ ಎದ್ದ ಉದ್ದನೆಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಕೆಲವು ದಿನಗಳ ಮೇಲೆ ಇಲ್ಲಿಗೆ ತಲುಪುತ್ತವೆ. ಅಷ್ಟು ದಿನ ಸಿಗುವುದರಿಂದಲೇ ಮುನ್ನೆಚ್ಚರಿಕೆಯೂ ಸಾಧ್ಯ. ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯಿಸ್, ಈ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಇರುವ ದಿನ ದೋಣಿಗಳನ್ನು ಮೇಲಕ್ಕೆ ಎಳೆದಿಡಬೇಕು, ನೀರಿನ ಬದಿಯಲ್ಲಿ ಬೈಕು, ಕಾರು ನಿಲ್ಲಿಸಬಾರದು, ಮಕ್ಕಳನ್ನು ಬಿಡಬಾರದು.

ಚಳಿಗಾಲದ ರಾತ್ರಿಗಳಲ್ಲಿ ನಮ್ಮ ದಂಡೆಗೆ ಬರುವ ಅತಿಥಿ ಕಡಲಾಮೆ, ಆಲಿವ್ ರಿಡ್ಲಿ ಜಾತಿಯದ್ದು. ನೀಲೇಶ್ವರದ ತೈಕಡಪ್ಪುರದಲ್ಲಿ ‘ನೆಯ್ತಲ್’ ಎಂಬ ಸಂಘಟನೆ ಎರಡು ದಶಕಗಳಿಂದ ಇವುಗಳ ಮೊಟ್ಟೆ ಕಾಯುತ್ತಿದೆ. ಒಂದು ಗೂಡಿನಲ್ಲಿ ನೂರರ ಆಸುಪಾಸಿನ ಮೊಟ್ಟೆ. ಮರಿಯಾಗಲು ಒಂದೂವರೆಯಿಂದ ಎರಡು ತಿಂಗಳು. ಹೊಯಿಗೆಯಿಂದ ಮೇಲೆದ್ದ ಮರಿಗಳು ಬೆಳಕು ಹೆಚ್ಚಿರುವ ಕಡೆಗೆ ಓಡುತ್ತವೆ. ಮನುಷ್ಯ ಬರುವ ಮೊದಲು ಅದು ಯಾವಾಗಲೂ ಕಡಲೇ ಆಗಿತ್ತು. ಈಗ ದಂಡೆಗೆ ಮುಖ ಮಾಡಿದ ಹೈಮಾಸ್ಟ್ ದೀಪದ ಬೆಳಕಿಗೆ ಅವು ರಸ್ತೆಯತ್ತ ಹೋಗಿ ನಾಯಿಯ ಬಾಯಿಗೆ ಬೀಳುತ್ತವೆ. ದೀಪಕ್ಕೆ ಕಡಲ ಬದಿಗೆ ಒಂದು ಮರೆ ಹಾಕಿದರೆ ಮುಗಿಯುವ ಕೆಲಸ. ಮೊಟ್ಟೆ ಮುಟ್ಟುವುದು 1972ರ ವನ್ಯಜೀವಿ ಕಾಯಿದೆಯಡಿ ಅಪರಾಧ. ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಕಸದ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಕಿನಾರೆಯ ಕಾಳಜಿ ಎಂದರೆ ಕಸ ಹೆಕ್ಕುವುದೊಂದೇ ಎಂಬ ಭಾವನೆ ಈಗಾಗಲೇ ಸಾಕಷ್ಟಿದೆ. ವರ್ಷಕ್ಕೊಮ್ಮೆ ಟೀಶರ್ಟು ತೊಟ್ಟು ಮಾಡುವ ಶುಚೀಕರಣಕ್ಕಿಂತ, ತಿಂಗಳು ತಿಂಗಳು ಮನೆಗೆ ಬರುವ ಹರಿತ ಕರ್ಮ ಸೇನೆಯ ಹೆಂಗಸರಿಗೆ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಕೊಡುವುದು ಹೆಚ್ಚು ಕೆಲಸ ಮಾಡುತ್ತದೆ. ದಂಡೆಯ ಪ್ಲಾಸ್ಟಿಕ್ಕಿನ ದೊಡ್ಡ ಪಾಲು ಹೊಳೆ, ತೋಡುಗಳಲ್ಲಿ ಇಳಿದು ಬಂದದ್ದು. ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ದಡಕ್ಕೆ ತರುವ ‘ಶುಚಿತ್ವ ಸಾಗರಂ’ ಯೋಜನೆ ಕೊಲ್ಲಂನಲ್ಲಿ 2017ರಲ್ಲಿ ಶುರುವಾಯಿತು. ಆದರೆ 2025ರ ಮೇಯಲ್ಲಿ ಕೊಚ್ಚಿಯ ಬಳಿ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೈನರುಗಳೊಂದಿಗೆ ಮುಳುಗಿ, ತಿರುವನಂತಪುರದವರೆಗಿನ ದಂಡೆಗೆ ಪ್ಲಾಸ್ಟಿಕ್ ಗುಳಿಗೆಗಳು ಬಂದು ಬಿದ್ದಾಗ ಮನೆಮನೆಯ ಶಿಸ್ತು ಎಷ್ಟರ ಮಟ್ಟಿಗೆ ಎಂಬುದೂ ಗೊತ್ತಾಯಿತು.

ಇದಕ್ಕಿಂತ ಹೆಚ್ಚು ಉಪಯೋಗದ ಕೆಲಸವೊಂದಿದೆ, ಖರ್ಚಿಲ್ಲದ್ದು. ದಂಡೆಯ ಹಿಂದೆ ಅಲ್ಲಾಡದ ಒಂದು ಗುರುತು ಆರಿಸಿ: ವಿದ್ಯುತ್ ಕಂಬ, ಬಾವಿಕಟ್ಟೆ, ಭಜನಾಮಂದಿರದ ಮೂಲೆ. ತಿಂಗಳಿಗೊಮ್ಮೆ, ಹುಣ್ಣಿಮೆಯ ಉಬ್ಬರ ಬಿಟ್ಟುಹೋದ ಕಸದ ಗೆರೆಯವರೆಗೆ ಟೇಪಿನಲ್ಲಿ ಅಳೆಯಿರಿ, ಪ್ರತಿ ಸಲ ಒಂದೇ ಜಾಗದಿಂದ, ಒಂದೇ ದಿಕ್ಕಿಗೆ ಒಂದು ಚಿತ್ರ ತೆಗೆಯಿರಿ, ದಿನಾಂಕ ಬರೆದಿಡಿ. ಒಂದು ವರ್ಷದ ಅಳತೆಯಲ್ಲಿ ಮಳೆಗಾಲದ ಹೋಗು, ಬೇಸಗೆಯ ಬರವು ಕಾಣುತ್ತದೆ. ಮೂರು ನಾಲ್ಕು ವರ್ಷದ ಮೇ ತಿಂಗಳ ಅಳತೆಗಳನ್ನಷ್ಟೇ ಹೋಲಿಸಿದರೆ ಹೋದ ಹೊಯಿಗೆ ಪೂರ್ತಿ ಮರಳುತ್ತಿದೆಯೇ ಇಲ್ಲವೇ ಎಂಬುದು ಕಾಣುತ್ತದೆ. ಮರಳುತ್ತಿದ್ದರೆ ಆ ಜಾಗಕ್ಕೆ ಗೋಡೆ ಬೇಡ. ಮರಳದಿದ್ದರೆ ಕಾರಣ ಹತ್ತಿರದ ಬಂದರಿನ ತಡೆಗೋಡೆಯೋ ಹೊಳೆಯ ಮರಳುಗಾರಿಕೆಯೋ ಎಂದು ಕೇಳಲು ನಿಮ್ಮ ಕೈಯಲ್ಲಿ ಅಂಕಿಗಳಿರುತ್ತವೆ. ಶಾಲೆಯ ಪರಿಸರ ಸಂಘಕ್ಕೂ ಇದು ಹೇಳಿ ಮಾಡಿಸಿದ ಕೆಲಸ. ಇನ್ನು ಅರ್ಜಿ ಬರೆಯುವ ಭಾಷೆಯ ಚಿಂತೆ ಬೇಡ: ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಭಾಷಾ ಅಲ್ಪಸಂಖ್ಯಾತರಾಗಿ ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯುವ ಹಕ್ಕು ನಮಗಿದೆ. ಅಳತೆಯ ಪಟ್ಟಿಯನ್ನು ಅದಕ್ಕೆ ಲಗತ್ತಿಸಿ, ಮುಂದಿನ ಗ್ರಾಮಸಭೆಯ ಮೊದಲೇ ಒಂದು ಪ್ರತಿಯನ್ನು ಪಂಚಾಯತಿಗೂ ಇನ್ನೊಂದನ್ನು ನೀರಾವರಿ ಇಲಾಖೆಗೂ ಕೊಟ್ಟು, ರಶೀದಿ ಕೇಳಿ ಪಡೆಯಿರಿ.